ಸ್ಪಾರ್ಕ್ ಟೆಸ್ಟರ್: ದೀಪದ್ದು ಬಿಡಿ, ಗ್ಯಾಪಿನದು ತಗೊಳ್ಳಿ

ಹುಲ್ಲು ಹೊಡೆಯುವ ಮಷಿನ್ (ಬ್ರಷ್ ಕಟರ್) ಮಳೆಗಾಲದ ನಡುವೆ ಕೈಕೊಟ್ಟರೆ ಸಾಮಾನ್ಯವಾಗಿ ಮೊದಲು ಬದಲಾಗುವುದು ಪ್ಲಗ್, ಆಮೇಲೆ ಕಿಡಿಗೆ ಕರೆಂಟ್ ಹುಟ್ಟಿಸುವ ಕಾಯಿಲ್, ಅದಕ್ಕೂ ಬಗ್ಗದಿದ್ದರೆ ಕಾರ್ಬುರೇಟರ್. ಮೂರಕ್ಕೂ ದುಡ್ಡು ಸುರಿದ ಮೇಲೆ, ಸ್ವಿಚ್ಚಿನ ವೈರ್ ಪೈಪಿಗೆ ಉಜ್ಜಿ ಶಾರ್ಟ್ ಆಗಿತ್ತು ಎಂದು ಗೊತ್ತಾಗುತ್ತದೆ. ಪ್ಲಗ್ಗಿಗೆ ಕಿಡಿ ಬರುತ್ತಿದೆಯೇ ಎಂದು ತೋರಿಸಿ ಈ ದಂಡ ತಪ್ಪಿಸುವ ಸಾಮಾನು ಸ್ಪಾರ್ಕ್ ಟೆಸ್ಟರ್. ಆನ್‌ಲೈನಿನಲ್ಲಿ ಎರಡು ಬಗೆ ಸಿಗುತ್ತದೆ: ಪ್ಲಗ್ಗಿಗೂ ಅದರ ತಲೆಗೆ ಕೂರುವ ವೈರಿನ ಕ್ಯಾಪಿಗೂ ನಡುವೆ ಸಿಕ್ಕಿಸುವ ದೀಪದ್ದು, ಮತ್ತು ತಿರುಪು ತಿರುಗಿಸಿ ಗ್ಯಾಪ್ ಹೆಚ್ಚು ಕಡಿಮೆ ಮಾಡುವ ಕ್ಲಿಪ್ಪಿನದು. ಬೆಲೆಯಲ್ಲಿ ಅಂಥ ಅಂತರವಿಲ್ಲ. ಕೆಲಸದಲ್ಲಿ ಅಜಗಜಾಂತರ.

ದೀಪದ್ದರ ವಿಚಾರ ಬೇಗ ಮುಗಿಯುತ್ತದೆ. ಒಳಗಿರುವುದು ನಿಯಾನ್ ಬಲ್ಬು. ಹೈ ಟೆನ್ಷನ್ ಕರೆಂಟ್ ಹರಿದರೆ ಮಿಣುಕುತ್ತದೆ, ಅಷ್ಟೇ. ಕಿಡಿಗೆ ಎಷ್ಟು ಬಲವಿದೆ ಎಂದು ಅದಕ್ಕೆ ತಿಳಿಯದು. ಮಸಿ ಹಿಡಿದ ಪ್ಲಗ್ಗಿನಲ್ಲಿ ಕಿಡಿ ಹಾರದೆ ಕರೆಂಟ್ ಮಸಿಯ ಮೇಲಿಂದಲೇ ಸೋರಿಹೋದರೂ ದೀಪ ಹೊತ್ತಬಹುದು. ಬಿಸಿಲಲ್ಲಿ ಹೊತ್ತಿದ್ದು ಕಾಣುವುದಿಲ್ಲ, ಅಂಗೈ ಅಡ್ಡ ಹಿಡಿಯಬೇಕು. ಬ್ರಷ್ ಕಟರುಗಳಲ್ಲಿ ಪ್ಲಗ್ ಮೇಲಿನ ಕವರಿನ ಒಳಗೆ ಹುದುಗಿರುವುದರಿಂದ ನೇರ ಕಡ್ಡಿಯಂಥ ಮಾದರಿ ಕೂರುವುದೇ ಕಷ್ಟ. ತಗೊಳ್ಳಲೇಬೇಕೆಂದರೆ ‘ಎಲ್’ ಆಕಾರದ್ದು ನೋಡಿ. ಅದರಿಂದ ಒಂದು ಪ್ರಯೋಜನವುಂಟು: ಓಡುತ್ತಿರುವ ಎಂಜಿನ್ ನಡುನಡುವೆ ತಡವರಿಸಿದಾಗ ದೀಪವೂ ತಪ್ಪುತ್ತಿದೆಯೇ ಎಂದು ನೋಡಬಹುದು. ದೀಪ ತಾಳ ತಪ್ಪದೆ ಎಂಜಿನ್ ಮಾತ್ರ ತಪ್ಪಿದರೆ ಪೆಟ್ರೋಲಿನ ಕಡೆ ಹೋಗಿ. ದೀಪದ್ದಕ್ಕೆ ಐದಕ್ಕೆ ಎರಡು ಅಂಕ.

ಗ್ಯಾಪಿನ ಟೆಸ್ಟರ್ ಯಾಕೆ ಮೇಲು ಎನ್ನುವುದಕ್ಕೆ ಪ್ಲಗ್ ಬಿಚ್ಚಿ ಸಿಲಿಂಡರಿಗೆ ತಾಗಿಸಿ ಹಗ್ಗ ಎಳೆಯುವ ನಮ್ಮ ಹಳೇ ಪದ್ಧತಿಯ ದೋಷ ನೋಡಬೇಕು. ಮಾಮೂಲಿ ಗಾಳಿಯಲ್ಲಿ ಒಂದು ಮಿ.ಮೀ. ಹಾರಲು ಕಿಡಿಗೆ ಸುಮಾರು 3,000 ವೋಲ್ಟ್ ಸಾಕು. ಅದೇ ಗ್ಯಾಪ್ ಸಿಲಿಂಡರಿನೊಳಗೆ, ಪಿಸ್ಟನ್ ಗಾಳಿಯನ್ನು ಒತ್ತಿ ಹಿಡಿದಾಗ, ಅದರ ಹಲವು ಪಟ್ಟು ಕೇಳುತ್ತದೆ. ಆದ್ದರಿಂದ ಹೊರಗೆ ಚೆನ್ನಾಗಿ ಕಿಡಿ ಕಾರುವ ಪ್ಲಗ್ ಒಳಗೆ ಹೋದ ಮೇಲೆ ಸುಮ್ಮನಾಗಬಹುದು. ಟೆಸ್ಟರಿನಲ್ಲಿ ಗ್ಯಾಪನ್ನು 4 ಮಿ.ಮೀ.ಗೆ ಇಟ್ಟರೆ ಒಳಗಿನ ಆ ಒತ್ತಡದ ಕೊರತೆಯನ್ನು ದೂರ ತುಂಬಿಕೊಡುತ್ತದೆ. 4 ಮಿ.ಮೀ. ಅನ್ನು ನೀಲಿ-ಬಿಳಿ ಕಿಡಿ ಚಟ್ ಚಟ್ ಎಂದು ದಾಟಿದರೆ ಕಾಯಿಲ್ ಮೇಲೆ ಅನುಮಾನ ಬೇಡ. 2 ಮಿ.ಮೀ.ಗೆ ಇಳಿಸಿದರೂ ಕೆಂಪಗೆ, ನೂಲೆಳೆಯಷ್ಟೇ ಬಂದರೆ ಕರೆಂಟ್ ಇದೆ, ಕಸುವಿಲ್ಲ ಎಂದರ್ಥ. ಈ ಸಣ್ಣ ಎಂಜಿನ್‌ಗಳಲ್ಲಿ 6 ಮಿ.ಮೀ. ದಾಟಿಸಬೇಡಿ. ದಾರಿ ಸಿಗದ ಕರೆಂಟ್ ಕಾಯಿಲಿನ ಇನ್ಸುಲೇಶನ್ನನ್ನೇ ಸೀಳಿಕೊಂಡು ಹೋಗಬಹುದು. ಕ್ಯಾಪನ್ನು ಬರಿದೇ ನೇತುಬಿಟ್ಟು ಹಗ್ಗ ಎಳೆಯಬಾರದು ಎನ್ನುವುದೂ ಇದಕ್ಕೇ.

ಇನ್ನೊಂದು ಲಾಭ, ಪ್ಲಗ್ ಬಿಚ್ಚಬೇಕಾಗಿಲ್ಲ. ಕ್ಯಾಪ್ ಮಾತ್ರ ಕಿತ್ತು ಟೆಸ್ಟರಿಗೆ ಹಾಕಿ, ಕ್ಲಿಪ್ಪನ್ನು ಸಿಲಿಂಡರಿನ ಬರಿ ಲೋಹಕ್ಕೆ ಕಚ್ಚಿಸಿದರೆ ಆಯಿತು. ತೂತು ಮುಚ್ಚಿರುವುದರಿಂದ ಪೆಟ್ರೋಲ್ ಆವಿ ಕಿಡಿಯ ಹತ್ತಿರ ಸುಳಿಯುವುದಿಲ್ಲ. ಪೇಂಟಿನ ಮೇಲೆ ಕ್ಲಿಪ್ ಹಾಕಿದರೆ ಅರ್ಥ್ ಸಿಗದೆ ‘ಕಾಯಿಲ್ ಹೋಗಿದೆ’ ಎಂಬ ಸುಳ್ಳು ತೀರ್ಪು ಬರುತ್ತದೆ. ಹಗ್ಗವನ್ನು ಮೆಲ್ಲಗೆ ಎಳೆದರೂ ಅದೇ ಕಥೆ: ಎಂಜಿನ್ ಜೊತೆ ತಿರುಗುವ ಚಕ್ರದ, ಅಂದರೆ ಫ್ಲೈವೀಲಿನ, ಮ್ಯಾಗ್ನೆಟ್ ಕಾಯಿಲಿನ ಮುಂದೆ ವೇಗವಾಗಿ ಹಾದರೆ ಮಾತ್ರ ವೋಲ್ಟೇಜ್ ಹುಟ್ಟುತ್ತದೆ. ಒಂದೇ ಬಾರಿ ಜಗ್ಗಿ.

ಕಿಡಿ ಬಂತೆನ್ನಿ. ಆಗ ಪ್ಲಗ್ ಬಿಚ್ಚಿ ನೋಡಿ. ಹೋಂಡಾ ಜಿಎಕ್ಸ್35 ಕಟರಿಗೆ ಎನ್‌ಜಿಕೆ ಸಿಎಂಆರ್5ಎಚ್, ಗ್ಯಾಪ್ 0.6ರಿಂದ 0.7 ಮಿ.ಮೀ.; ಜಿಎಕ್ಸ್160 ಪಂಪಿಗೆ ಬಿಪಿಆರ್6ಇಎಸ್, 0.7ರಿಂದ 0.8. ಒದ್ದೆಯಾಗಿದ್ದರೆ ಒರೆಸಿ ಒಣಗಿಸಿ. ಒಳಗಿನ ಬಿಳಿ ಪಿಂಗಾಣಿಯಲ್ಲಿ ಬಿರುಕು ಕಂಡರೆ ಎಸೆಯಿರಿ, ಉಜ್ಜುತ್ತ ಕೂರಬೇಡಿ. ಹೊಸ ಪ್ಲಗ್ಗಿಗೂ ಜಗ್ಗದೆ, ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಒದ್ದರೆ ಫ್ಲೈವೀಲನ್ನು ಶಾಫ್ಟಿನ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಕೀ ಮುರಿದಿದೆ ಅಥವಾ ಸವೆದಿದೆ. ಕಿಡಿ ಇದೆ, ಆದರೆ ಹೊತ್ತು ತಪ್ಪಿ ಬರುತ್ತಿದೆ. ಇದನ್ನು ಯಾವ ಟೆಸ್ಟರೂ ಹೇಳುವುದಿಲ್ಲ.

ಕಿಡಿ ಬರಲೇ ಇಲ್ಲವೆಂದರೆ ಕಾಯಿಲಿಗೆ ಆರ್ಡರ್ ಹಾಕುವ ಮೊದಲು ಅದರಿಂದ ಸ್ವಿಚ್ಚಿಗೆ ಹೋಗುವ ತೆಳು ವೈರನ್ನು ಕಾಯಿಲಿನ ಹತ್ತಿರವೇ ಕಳಚಿ, ಮತ್ತೆ ಜಗ್ಗಿ. ಆ ವೈರಿನ ಕೆಲಸವೇ ಕಾಯಿಲನ್ನು ಅರ್ಥ್ ಮಾಡಿ ಎಂಜಿನ್ ನಿಲ್ಲಿಸುವುದು. ಅದು ಎಲ್ಲಿ ಉಜ್ಜಿ ಸುಲಿದರೂ ಸ್ವಿಚ್ ಸದಾ ಆಫ್ ಇದ್ದ ಹಾಗೆ. ಕಳಚಿದ ಮೇಲೆ ಕಿಡಿ ಬಂದರೆ ದೋಷ ಸ್ವಿಚ್ಚಿನದು ಅಥವಾ ವೈರಿನದು. ಕಟರಿನಲ್ಲಿ ಹ್ಯಾಂಡಲ್ ಕ್ಲಾಂಪಿನ ಅಡಿ, ಆಕ್ಸಿಲರೇಟರ್ ಕೇಬಲ್ಲಿನ ಜೊತೆ ಪೈಪಿಗೆ ಕಟ್ಟಿದ ಜಾಗ, ಇವೆರಡನ್ನು ಮೊದಲು ಬಿಡಿಸಿ ನೋಡಿ. ಆ ವೈರ್ ಇಲ್ಲದೆ ಎಂಜಿನ್ ಸ್ಟಾರ್ಟ್ ಆದರೆ ಸ್ವಿಚ್ಚಿಗೆ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು ಎನ್ನುವುದು ನೆನಪಿರಲಿ. ಪಂಪುಗಳಲ್ಲಿ ಇನ್ನೊಂದು ಆಟವಿದೆ. ಆಯಿಲ್ ಅಲರ್ಟ್ ಇರುವ ಎಂಜಿನ್ ಆಯಿಲ್ ಕಡಿಮೆಯಾದಾಗ ತಾನೇ ಕಿಡಿ ಕಡಿದುಬಿಡುತ್ತದೆ. ತೋಟದ ಇಳಿಜಾರಿನಲ್ಲಿ ವಾಲಿಸಿ ಇಟ್ಟರೆ ಆಯಿಲ್ ಇದ್ದೂ ಹಾಗಾಗಬಹುದು. ಸಮತಟ್ಟಿನಲ್ಲಿಟ್ಟು ಆಯಿಲ್ ನೋಡದೆ ಏನನ್ನೂ ಬಿಚ್ಚಬೇಡಿ.

ಆಮೇಲೆ ಕ್ಯಾಪ್. ಒಳಗಿನ ಸ್ಪ್ರಿಂಗ್ ಹಸಿರುಗಟ್ಟಿದ್ದರೆ ಕೆರೆದು ಸ್ವಚ್ಛ ಮಾಡಿ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಪಂಪಿನಲ್ಲಿ ಇದನ್ನು ವಿಶೇಷವಾಗಿ ನೋಡಬೇಕು, ಮೈಲುತುತ್ತದ ನೀರು ಕಬ್ಬಿಣವನ್ನು ಬಿಡುವುದಿಲ್ಲ. ಕೊನೆಗೆ ಕಾಯಿಲ್ ಮತ್ತು ಫ್ಲೈವೀಲ್ ನಡುವಿನ ಸಂದು: ಜಿಎಕ್ಸ್160ಕ್ಕೆ 0.4 ಮಿ.ಮೀ., ಕಟರುಗಳಲ್ಲಿ ಸಾಮಾನ್ಯವಾಗಿ 0.3ರ ಆಸುಪಾಸು. ಮ್ಯಾಗ್ನೆಟ್ಟಿಗೂ ಕಾಯಿಲಿನ ಕಾಲಿಗೂ ತುಕ್ಕಿದ್ದರೆ ನುಣುಪು ಎಮರಿ ಕಾಗದದಿಂದ ತೆಗೆದು, ಕಾಯಿಲಿನ ಎರಡು ಬೋಲ್ಟ್ ಸಡಿಲಿಸಿ, ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿ. ಮ್ಯಾಗ್ನೆಟ್ ಕಾಯಿಲನ್ನು ತಾನೇ ಸೆಳೆದು ಹಿಡಿಯುತ್ತದೆ. ಬೋಲ್ಟ್ ಬಿಗಿ ಮಾಡಿ ಕಾರ್ಡ್ ಎಳೆದುಕೊಳ್ಳಿ. ಇಷ್ಟಾದರೂ ಕಿಡಿ ಇಲ್ಲವೆಂದರೆ ಈಗ ಕಾಯಿಲ್ ತರಿಸಬಹುದು.

ಗ್ಯಾಪಿನ ಟೆಸ್ಟರಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಳೆದದ್ದು ತಯಾರಿಕೆಗೆ. ಅಗ್ಗದವುಗಳಲ್ಲಿ ಕ್ಲಿಪ್ಪಿನ ಸ್ಪ್ರಿಂಗ್ ಮೆದು, ಹಗ್ಗ ಜಗ್ಗಿದ ಅದುರಿಗೆ ಜಾರುತ್ತದೆ. ಗೀಚಿದ ಅಳತೆಯನ್ನೂ ಕಣ್ಣುಮುಚ್ಚಿ ನಂಬುವ ಹಾಗಿಲ್ಲ. ಪಾರ್ಸೆಲ್ ಬಂದ ದಿನವೇ ಎರಡು ತುದಿ ಮುಟ್ಟುವವರೆಗೆ ತಿರುಪು ಒಳಗೆ ಮಾಡಿ ನೋಡಿ. ಆಗ ಅಳತೆ ಸೊನ್ನೆಯಲ್ಲಿ ಇರಬೇಕು. ಇಲ್ಲವಾದರೆ ಎಷ್ಟು ತಪ್ಪಿದೆಯೋ ಅದನ್ನು ಮಾರ್ಕರಿನಲ್ಲಿ ಅದರ ಮೈಮೇಲೇ ಬರೆದಿಡಿ.

ತಣ್ಣಗಿದ್ದಾಗ ಓಡಿ, ಇಪ್ಪತ್ತು ನಿಮಿಷಕ್ಕೆ ನಿಂತು, ಆರಿದ ಮೇಲೆ ಮತ್ತೆ ಓಡುವ ಮಷಿನ್ ಇದ್ದರೆ ಈ ಟೆಸ್ಟರನ್ನು ಮನೆಯಲ್ಲಿಡಬೇಡಿ, ತೋಟಕ್ಕೇ ಒಯ್ಯಿರಿ. ಬಿಸಿಗೆ ಸೋಲುವ ಕಾಯಿಲ್ ಸಿಕ್ಕಿಬೀಳುವುದು ಎಂಜಿನ್ ನಿಂತ ಒಂದೆರಡು ನಿಮಿಷದೊಳಗೆ ಮಾತ್ರ. ಹೊತ್ತು ತಂದು ಅಂಗಡಿಯಲ್ಲಿಟ್ಟರೆ ಅಷ್ಟರಲ್ಲಿ ಆರಿರುತ್ತದೆ, 4 ಮಿ.ಮೀ. ಕಿಡಿ ಆರಾಮವಾಗಿ ತೋರಿಸುತ್ತದೆ.