ಮೂರು ಸಿನಿಮಾ, ಮೂರು ಊರು: ಮಂಡ್ಯದಿಂದ ಒಂದು ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ. ಸಂಜೆ ಚೆನ್ನಾಗಿ ಕಳೆಯಬೇಕು ಅಂದ್ರೆ ‘ಸು ಫ್ರಮ್ ಸೋ’. ಒಳ್ಳೆ ಸಿನಿಮಾ ನೋಡಬೇಕು ಅಂದ್ರೆ ‘ತಿಥಿ’. ಕೊಟ್ಟ ದುಡ್ಡಿಗೆ ಪರದೆ ತುಂಬ ಏನಾದ್ರೂ ಕಾಣಬೇಕು ಅಂದ್ರೆ ‘ಕಾಂತಾರ ಅಧ್ಯಾಯ 1’.

ಈ ಮೂರನ್ನು ಪಕ್ಕಪಕ್ಕ ಇಡೋದು ಯಾಕೆ ಅಂತ ನೀವು ಕೇಳಬಹುದು. ಒಂದು ನಗಿಸುವ ಸಿನಿಮಾ, ಒಂದು ಪ್ರಶಸ್ತಿ ಸಿನಿಮಾ, ಇನ್ನೊಂದು ಕೋಟಿಗಟ್ಟಲೆ ಸುರಿದು ಮಾಡಿದ್ದು. ಆದರೆ ಮೂರರಲ್ಲೂ ಒಂದು ಊರಿದೆ. ಆ ಊರಿನ ಜನ ತಾವೇ ಕಥೆ ನಡೆಸುತ್ತಾರಾ, ಇಲ್ಲ ಹೀರೋ ಹಿಂದೆ ನಿಂತು ತಲೆ ಅಲ್ಲಾಡಿಸುತ್ತಾರಾ? ನನಗೆ ಬೇಕಾಗಿದ್ದು ಇಷ್ಟೇ. ಫೈಟು, ಹಾಡು, ಕಲೆಕ್ಷನ್ ಬಗ್ಗೆ ಬೇರೆಯವರು ಬೇಕಾದಷ್ಟು ಹೇಳಿದ್ದಾರೆ.

‘ಸು ಫ್ರಮ್ ಸೋ’ 2025ರ ಜುಲೈ 25ಕ್ಕೆ ಬಂದಾಗ ನಮ್ಮ ಮಂಡ್ಯದಲ್ಲಿ ಅದರ ಸುದ್ದಿಯೇ ಇರಲಿಲ್ಲ. ನಿರ್ದೇಶಕ ಜೆ.ಪಿ. ತುಮಿನಾಡು ಅವರ ಹೆಸರು ಈ ಕಡೆಯವರಿಗೆ ಹೊಸದು. ರಾಜ್ ಬಿ. ಶೆಟ್ಟಿ ದುಡ್ಡು ಹಾಕಿದ್ದಾರಂತೆ ಅನ್ನೋದಷ್ಟೇ ಗುರುತು. ಆಮೇಲೆ ಬಾಯಿಂದ ಬಾಯಿಗೆ ಹಬ್ಬಿತು ನೋಡಿ, ನಾವು ಹೋಗುವ ಹೊತ್ತಿಗೆ ಬಾಲ್ಕನಿ ಭರ್ತಿ. ಕೆಳಗೆ ಫ್ಯಾನಿನ ಅಡಿ ಸೀಟು ಸಿಕ್ಕಿದ್ದೇ ಪುಣ್ಯ.

ಕಥೆ ಸಣ್ಣದು. ಕರಾವಳಿಯ ಮರ್ಲೂರು ಅನ್ನೋ ಊರು. ಅಲ್ಲಿನ ಅಶೋಕನಿಗೆ ಸೋಮೇಶ್ವರದ ಸುಲೋಚನಾ ಅನ್ನೋ ಹೆಂಗಸಿನ ದೆವ್ವ ಮೆಟ್ಟಿಕೊಂಡಿದೆ ಅಂತ ಎಲ್ಲರೂ ನಂಬುತ್ತಾರೆ. ನಂಬಿದ ಮೇಲೆ ಆ ಜನ ಏನೇನು ಮಾಡುತ್ತಾರೆ ಅನ್ನೋದೇ ಸಿನಿಮಾ. ಅಶೋಕನ ಪಾತ್ರ ನಿರ್ದೇಶಕರದ್ದೇ. ಆದರೆ ಸಿನಿಮಾ ಹೊತ್ತುಕೊಂಡು ಹೋಗೋದು ರವಿಯಣ್ಣ, ಅಂದ್ರೆ ಶನೀಲ್ ಗೌತಮ್. ಇಂಥವನೊಬ್ಬ ನಮ್ಮ ಕಡೆ ಪ್ರತಿ ಊರಲ್ಲೂ ಇದ್ದಾನೆ. ಪಂಚಾಯ್ತಿ ಮೆಂಬರ್ ಅಲ್ಲ, ಯಜಮಾನನೂ ಅಲ್ಲ. ಆದರೂ ಮದುವೆ ಶಾಮಿಯಾನದಿಂದ ಹಿಡಿದು ನಡುರಾತ್ರಿಯ ಆಂಬುಲೆನ್ಸ್ ತನಕ ಎಲ್ಲರ ಫೋನೂ ಅವನಿಗೇ. ಆ ದೊಡ್ಡಸ್ತಿಕೆ ಅವನಿಗೂ ಇಷ್ಟ. ಅದನ್ನು ಉಳಿಸಿಕೊಳ್ಳೋಕೆ ಅವನು ಪಡುವ ಪಾಡಿದೆಯಲ್ಲ, ನನಗೆ ದೆವ್ವದ ಸೀನುಗಳಿಗಿಂತ ಅದೇ ಹೆಚ್ಚು ಹಿಡಿಸಿತು.

ಕರಾವಳಿ ಮಾತು ಅಪ್ಪನಿಗೆ ಅರ್ಧಕ್ಕರ್ಧ ಹಿಡಿಯಲಿಲ್ಲ. “ಏನ್ಲಾ ಅಂದ ಅವ್ನು?” ಅಂತ ನನ್ನ ತೋಳು ತಿವಿಯುತ್ತಲೇ ಇದ್ದರು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವರೇ ನಗುತ್ತಿದ್ದರು. ಆ ನಟರ ಮುಖ ನೋಡಿದರೆ ಸಾಕು, ಮಾತು ಅರ್ಥವಾಗದಿದ್ದರೂ ನಡೆಯುತ್ತದೆ. ಹಿಂದಿನ ಸಾಲಿನ ಹುಡುಗರಂತೂ ಪ್ರತಿ ಸೀನಿಗೂ ಒಂದು ಕಾಮೆಂಟು. ಬೇರೆ ಸಿನಿಮಾ ಆಗಿದ್ದರೆ ತಿರುಗಿ ಗದರುತ್ತಿದ್ದೆ. ಇದಕ್ಕೆ ಅದೂ ಸೇರಿಕೊಂಡೇ ಚೆಂದ.

ಅದೇ ಸಿನಿಮಾ ಓಟಿಟಿಗೆ ಬಂದ ಮೇಲೆ ಅಕ್ಕ, ಭಾವ ಬಂದಾಗ ಮನೆಯಲ್ಲಿ ಹಾಕಿದೆವು. ನಗು ಬಂತು, ಆದರೆ ಥಿಯೇಟರಿನ ಅರ್ಧ ಇಲ್ಲ. ಕುಕ್ಕರ್ ಕೂಗಿತು, ಭಾವನಿಗೆ ಫೋನ್ ಬಂತು, ಮಕ್ಕಳು ನಡುವೆ ಓಡಾಡಿದರು. ಗೊತ್ತೇ ಇಲ್ಲದ ನೂರಾರು ಜನ ಒಟ್ಟಿಗೆ ನಕ್ಕಾಗ ಮಾತ್ರ ಈ ಸಿನಿಮಾ ಪೂರ್ತಿ ಅರಳುತ್ತದೆ.

ಎರಡನೇ ಅರ್ಧದ ಬಗ್ಗೆ ನನಗೆ ತಕರಾರಿದೆ. ದೆವ್ವ ಬಿಡಿಸೋಕೆ ಬರುವ ಕರುಣಾಕರ ಗುರೂಜಿ, ಅಂದ್ರೆ ರಾಜ್ ಬಿ. ಶೆಟ್ಟಿ, ಬರೋವಾಗ ಭರ್ಜರಿ, ಆಮೇಲಾಮೇಲೆ ಅದೇ ನಗುವನ್ನು ಎಳೆದ ಹಾಗಾಯಿತು. ಸುಲೋಚನಾಳ ಮಗಳು ಭಾನು (ಸಂಧ್ಯಾ ಅರಕೆರೆ) ಬಂದ ಮೇಲೆ ಸಿನಿಮಾದ ದಾರಿಯೇ ಬದಲಾಗುತ್ತದೆ. ಹೇಳುವ ವಿಷಯ ಸರಿಯಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿಯ ತನಕ ಕಥೆಯಲ್ಲಿ ಗಂಡಸರದ್ದೇ ದರ್ಬಾರು. ಹೆಂಗಸರಿಗೆ ಮಾತು ತುಂಬ ಕಡಿಮೆ. ಹಾಗಿರುವಾಗ ಇದ್ದಕ್ಕಿದ್ದಂತೆ ಒಬ್ಬ ಹೆಣ್ಣಿನ ಕಷ್ಟ ಮುಂದೆ ಬಂದರೆ ಹೊಲಿಗೆ ಕಾಣುತ್ತದೆ. ಅಕ್ಕ ಇದನ್ನು ಒಪ್ಪಲೇ ಇಲ್ಲ. “ಊರಲ್ಲಿ ಹಂಗೇ ಅಲ್ವೇನೋ ಇರೋದು? ಕಷ್ಟ ಬಂದಾಗ ತಾನೇ ನಮ್ ಕಡೆ ತಿರುಗಿ ನೋಡೋದು?” ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆದರೂ ಹೊಲಿಗೆ ಕಾಣುತ್ತದೆ.

ಇನ್ನು ‘ತಿಥಿ’. ಇದು ಹೊಸದಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಪ್ರಶಸ್ತಿ ಗೆದ್ದು, 2016ರಲ್ಲಿ ಇಲ್ಲಿ ಬಿಡುಗಡೆಯಾಯಿತು. ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ರವಿಯಣ್ಣನ ಊರು ನೋಡಿದ ಮೇಲೆ ನಮ್ಮ ಕಡೆಯ ಊರು ನೋಡಬೇಕು ಅನ್ನಿಸಿ ಮತ್ತೆ ಹಾಕಿದೆ. ನಿರ್ದೇಶಕ ರಾಮ್ ರೆಡ್ಡಿ, ಕಥೆಯಲ್ಲಿ ಜೊತೆಯಾದವರು ಈರೇಗೌಡ. ಚಿತ್ರೀಕರಣ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ. ನಟಿಸಿದವರು ಸುತ್ತಮುತ್ತಲಿನ ಹಳ್ಳಿ ಜನ. ಅದಕ್ಕೆ ಮೊದಲು ಕ್ಯಾಮೆರಾ ಮುಂದೆ ನಿಂತವರಲ್ಲ.

101 ವರ್ಷದ ಸೆಂಚುರಿ ಗೌಡ ರಸ್ತೆ ಪಕ್ಕ ಕೂತು ಹೋಗಿ ಬರುವವರನ್ನೆಲ್ಲ ಬೈಯುತ್ತಾನೆ, ಆಮೇಲೆ ಸಾಯುತ್ತಾನೆ. ಅಲ್ಲಿಂದ ತಿಥಿಯ ತನಕದ ಹನ್ನೊಂದು ದಿನವೇ ಕಥೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಬ್ರಾಂದಿ ಬಾಟಲಿ ಹಿಡಿದು ಹೊಲದ ಬದುವಿನ ಮೇಲೆ ತಿರುಗುತ್ತಾನೆ. ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರಬೇಕು, ಅದು ತಾತನ ಹೆಸರಲ್ಲೇ ಇದೆ. ಮರಿಮಗ ಅಭಿಗೆ ಕುರಿ ಕಾಯುವ ಹುಡುಗಿಯ ಹಿಂದೆ ಸುತ್ತೋದೇ ಕೆಲಸ. ಇಷ್ಟರಲ್ಲಿ ಒಂದು ಮನೆತನದ ಪೂರಾ ಚರಿತ್ರೆ ಬಂದುಹೋಗುತ್ತದೆ.

‘ಸು ಫ್ರಮ್ ಸೋ’ ಜೊತೆ ಇಟ್ಟು ನೋಡಿದರೆ ದೊಡ್ಡ ವ್ಯತ್ಯಾಸ ಇಲ್ಲೇ ಕಾಣುತ್ತದೆ. ಮರ್ಲೂರಿನವರು ಎಷ್ಟೇ ತರಲೆ ಮಾಡಲಿ, ಕೊನೆಗೆ ಒಳ್ಳೆಯವರು. ನಮಗೆ ಅವರು ಇಷ್ಟವಾಗಲಿ ಅಂತ ಸಿನಿಮಾ ನೋಡಿಕೊಳ್ಳುತ್ತದೆ. ‘ತಿಥಿ’ಗೆ ಆ ಚಿಂತೆ ಇಲ್ಲ. ತಮ್ಮಣ್ಣ ಮಾಡೋದು ಮೋಸ, ಬದುಕಿರುವ ಅಪ್ಪನನ್ನೇ ಕಾಗದದ ಮೇಲೆ ಸಾಯಿಸುತ್ತಾನೆ. ಆದರೂ ಅವನನ್ನು ಬೈಯೋಕೆ ಬಾಯಿ ಬರಲ್ಲ. ಒಂದು ಖಾತೆಗೋಸ್ಕರ ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದವರು ಅವನ ಮುಖ ನೋಡಬೇಕು. ನಮ್ಮಪ್ಪ ಇಲ್ಲಿ ನನ್ನನ್ನು ಏನೂ ಕೇಳಲಿಲ್ಲ. ಮಾತೆಲ್ಲ ಅವರದ್ದೇ, ಬೈಗುಳವೂ ಅವರದ್ದೇ. “ಅವ್ನ ತಪ್ಪೇನೈತೆ, ಅಪ್ಪ ಒಂದ್ ರುಜು ಹಾಕಿದ್ರೆ ಮುಗೀತಿತ್ತು” ಅಂತ ತಮ್ಮಣ್ಣನ ಪರ ವಕೀಲಿಕೆಗೇ ಇಳಿದರು.

ನಗಿಸುವ ರೀತಿಯೂ ಬೇರೆ. ‘ಸು ಫ್ರಮ್ ಸೋ’ದಲ್ಲಿ ನಗು ಬರುವ ಮುಂಚೆ ಹಿನ್ನೆಲೆ ಸಂಗೀತ ಬಂದು ಸುಳಿವು ಕೊಡುತ್ತದೆ. ‘ತಿಥಿ’ಯಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ. ಎಲ್ಲಿ ನಗಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ಗಡ್ಡಪ್ಪ ಕುರಿ ಕಾಯುವವರ ಜೊತೆ ಕೂತು ತನ್ನ ಹಳೇ ಕಥೆ ಹೇಳುವ ಒಂದು ಸೀನಿದೆ. ಅಲ್ಲಿಯ ತನಕ ನಾವು ನಕ್ಕಿದ್ದೆಲ್ಲ ಯಾರನ್ನು ನೋಡಿ ಅಂತ ಆಗ ಗೊತ್ತಾಗುತ್ತದೆ. ಎಷ್ಟು ಜನ ನಟರನ್ನು ತಂದು ನಿಲ್ಲಿಸಿದರೂ ಆ ಮುಖ, ಆ ದನಿ ಬರಲ್ಲ.

ಹಾಗಂತ ಎಲ್ಲರ ಜೊತೆ ಕೂತು ನೋಡುವ ಸಿನಿಮಾ ಅಲ್ಲ ಇದು. ನಿಧಾನ. ಅತ್ತೆ ಅರ್ಧ ಗಂಟೆ ನೋಡಿ, “ಇದ್ರಲ್ಲಿ ಏನೈತಪ್ಪ? ನಮ್ಮೂರ್ನೇ ತೆಗ್ದವ್ರಲ್ಲ” ಅಂತ ಎದ್ದು ಹೋದರು. ಭಾವ ಮೊಬೈಲ್ ಹಿಡಿದರು. ಬೈಗುಳಕ್ಕೆ ಮಕ್ಕಳು ಕಿಸಕ್ ಅಂದಾಗ ಅಕ್ಕ ಅವರನ್ನು ಒಳಗೆ ಕಳಿಸಿದಳು. ಒಬ್ಬರೇ ನೋಡಿ, ಇಲ್ಲ ನಿಮ್ಮ ಅಪ್ಪನ ಜೊತೆ ನೋಡಿ.

‘ಕಾಂತಾರ ಅಧ್ಯಾಯ 1’ ಮೊದಲ ‘ಕಾಂತಾರ’ಕ್ಕೂ ಹಿಂದಿನ ಕಥೆ, ಕಾಡಿನ ಜನಕ್ಕೂ ರಾಜಮನೆತನಕ್ಕೂ ನಡೆಯುವ ಜಗಳ. ನೋಡಿದ್ದು ಮೈಸೂರಿನ ಒಂದು ಮಲ್ಟಿಪ್ಲೆಕ್ಸಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್‌ಗೆ 200 ರೂಪಾಯಿ ಮಿತಿ ಹಾಕಿತ್ತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಅಕ್ಟೋಬರ್ 2ಕ್ಕೆ ಸಿನಿಮಾ ಬರುವ ಹೊತ್ತಿಗೆ ಆ ಮಿತಿ ಇರಲಿಲ್ಲ. ಮನೆಮಂದಿಯೆಲ್ಲ ಮಂಡ್ಯದಿಂದ ಹೋಗಿ, ಟಿಕೆಟ್ಟು, ಪಾಪ್‌ಕಾರ್ನು ಅಂತ ಖರ್ಚಾಗಿದ್ದು ಎಷ್ಟು ಅಂತ ಬರೆಯೋಕೆ ಮನಸ್ಸಿಲ್ಲ.

ಆದರೆ ದೊಡ್ಡ ಪರದೆಗೆ ಇದೇ ಸರಿ. ತೇರು ಪೇಟೆಯೊಳಗೆ ನುಗ್ಗುವ ಸೀನು, ಹುಲಿ, ಕೊನೆಯ ಅರ್ಧ ಗಂಟೆ, ಅಜನೀಶ್ ಲೋಕನಾಥ್ ಅವರ ಸಂಗೀತ. ಇವನ್ನು ಮನೆಯ ಟಿವಿಯಲ್ಲಿ ನೋಡೋದು ಸುಮ್ನೆ. ರುಕ್ಮಿಣಿ ವಸಂತ್ ರಾಜಕುಮಾರಿ ಕನಕವತಿಯಾಗಿ ಅಚ್ಚರಿ ಕೊಡುತ್ತಾರೆ. ಗುಲ್ಶನ್ ದೇವಯ್ಯ ಅವರ ಕುಡುಕ ರಾಜ ಕುಲಶೇಖರನೂ ಚೆನ್ನಾಗಿದ್ದಾನೆ. ನಡುನಡುವೆ ಬರುವ ಹಾಸ್ಯ ಮಾತ್ರ ನಮ್ಮ ಸಾಲಿನಲ್ಲಿ ಯಾರಿಗೂ ತಟ್ಟಲಿಲ್ಲ.

ನನ್ನ ಅಳತೆಗೆ ಬಂದರೆ ಇದು ಹಿಂದೆ ಬೀಳುತ್ತದೆ. 2022ರ ‘ಕಾಂತಾರ’ದಲ್ಲಿ ಊರಿತ್ತು. ಗುರುವ, ಬುಲ್ಲ, ರಾಂಪ ಅಂತ ಹೆಸರು ಹಿಡಿದು ನೆನೆಯುವ ಜನ ಇದ್ದರು. ಇಲ್ಲಿ ಕಾಡಿನ ಜನ ನೂರಾರು, ಹೊರಗೆ ಬಂದ ಮೇಲೆ ರಿಷಬ್ ಶೆಟ್ಟಿಯವರ ಬೆರ್ಮೆ ಬಿಟ್ಟರೆ ಒಬ್ಬರ ಹೆಸರೂ ನನಗೆ ನೆನಪಿಲ್ಲ. ಊರು ಹೋಗಿ ಗುಂಪಾಗಿದೆ. ಅಳಿಯನಿಗೆ, ಅಂದ್ರೆ ಅಕ್ಕನ ಮಗನಿಗೆ, ಇದೆಲ್ಲ ತಲೆಗೆ ಹೋಗಲಿಲ್ಲ. “ಹುಲಿ ಬಂತಲ್ಲ ಮಾವ, ಇನ್ನೇನ್ ಬೇಕು?” ಅಂದ. ಹತ್ತು ವರ್ಷದವನಿಗೆ ಅದು ಸರಿಯಾದ ಪ್ರಶ್ನೆಯೇ.

ಇದರ ನಡುವೆ ‘ಏಳುಮಲೆ’ಯನ್ನೂ ನೋಡಿದೆ. ಪುನೀತ್ ರಂಗಸ್ವಾಮಿ ನಿರ್ದೇಶನ, 2025ರ ಸೆಪ್ಟೆಂಬರಿನದ್ದು. ಚಾಮರಾಜನಗರ ಕಡೆಯ ಹುಡುಗ, ಸೇಲಂ ಕಡೆಯ ಹುಡುಗಿ, ವೀರಪ್ಪನ್ ಕಾಲದ ಗಡಿ. ಚೆನ್ನಾಗಿದೆ, ಆದರೆ ಈ ಮೂರರ ಸಾಲಿಗೆ ಸೇರಿಸಲ್ಲ. ಅಲ್ಲಿರೋದು ಊರಲ್ಲ, ರಸ್ತೆ ಮತ್ತು ಪೊಲೀಸರು. ಮಾದಪ್ಪನ ಬೆಟ್ಟದ ತಿರುವುಗಳಲ್ಲಿ ರಾತ್ರಿ ಬಸ್ಸಿನಲ್ಲಿ ಕೂತು ಬಂದವರಿಗೆ ಜಾಸ್ತಿ ತಟ್ಟುತ್ತದೆ. ಇದನ್ನು ಟಿವಿಯಲ್ಲಿ ನೋಡಿದರೂ ನಷ್ಟವಿಲ್ಲ, ಹಾಲ್ ಲೈಟ್ ಮಾತ್ರ ಆರಿಸಿ. ಕಥೆ ಜಾಸ್ತಿ ನಡೆಯೋದು ರಾತ್ರಿಯಲ್ಲೇ, ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಪರದೆ ಮೇಲೆ ನಿಮ್ಮ ಮುಖವೇ ಕಾಣುತ್ತದೆ.