ಗ್ರೇಡಿಯಸ್ಸಾ, ಆರ್-ಟೈಪಾ? ಮೊದಲು ಯಾವ್ದು ಆಡೋದು

ಹಳೇ ಕಾಲದ ಸೈಡ್ ಸ್ಕ್ರೋಲಿಂಗ್ ಸ್ಪೇಸ್ ಶೂಟರ್ (ಪರದೆ ಪಕ್ಕಕ್ಕೆ ಸರೀತಾ ಇರೋವಾಗ ಬಾಹ್ಯಾಕಾಶ ಹಡಗಲ್ಲಿ ಗುಂಡು ಹೊಡಿಯೋ ವಿಡಿಯೋ ಗೇಮ್) ಶುರು ಮಾಡ್ಬೇಕು ಅಂದ್ರೆ ಕೊನೆಗೆ ಈ ಎರಡರ ಹತ್ರಾನೇ ಬಂದು ನಿಲ್ತೀರ. ಕೊನಾಮಿಯ ಗ್ರೇಡಿಯಸ್ 1985ರದ್ದು, ಐರೆಮ್‌ನ ಆರ್-ಟೈಪ್ 1987ರದ್ದು.

ಗ್ರೇಡಿಯಸ್‌ನಲ್ಲಿ ಪವರ್ ಕೊಡೋ ಕ್ಯಾಪ್ಸೂಲ್ ಹೆಕ್ಕೊಂಡು ಕೆಳಗಿನ ಪಟ್ಟಿಲಿ ಸ್ಪೀಡ್ ಬೇಕಾ, ಲೇಸರ್ ಬೇಕಾ ಅಂತ ನೀವೇ ಆರಿಸ್ಕೋಬೇಕು, ಇದು ಮಸ್ತ್ ಐಡಿಯಾ, ಆದ್ರೆ ಒಂದ್ಸಲ ಸತ್ರೆ ಕೂಡಿಟ್ಟಿದ್ದೆಲ್ಲಾ ಢಮಾರ್, ಆಮೆ ಥರ ತೆವಳೋ ಹಡಗಲ್ಲಿ ಚೆಕ್‌ಪಾಯಿಂಟ್‌ನಿಂದ ಮತ್ತೆ ಶುರು, ಆಟಗಾರರು ಜಾಸ್ತಿ ಗೊಣಗೋದು ಇದಕ್ಕೇ.

ಆರ್-ಟೈಪ್‌ನಲ್ಲಿ ಮಜಾ ಇರೋದು ಫೋರ್ಸ್ ಅನ್ನೋ ಗೋಳದಲ್ಲಿ. ಮುಂದೆ ಅಂಟಿಸಿದ್ರೆ ಎದುರಿಂದ ಬರೋ ಗುಂಡು ತಡಿಯುತ್ತೆ, ಹಿಂದೆ ಅಂಟಿಸಿದ್ರೆ ಹಿಂದಕ್ಕೂ ಹೊಡಿಯುತ್ತೆ, ಬಿಟ್ರೆ ದೂರ ಹೋಗಿ ತಾನೇ ಕಾದಾಡುತ್ತೆ. ಮೂರನೇ ಸ್ಟೇಜ್ ಪೂರ್ತಿ ಒಂದೇ ದೈತ್ಯ ಹಡಗು, ಅದ್ರ ಸುತ್ತ ನುಸುಳ್ಕೊಂಡು ಒಂದೊಂದೇ ಭಾಗ ಒಡೀಬೇಕು. ಶತ್ರು ಎಲ್ಲಿಂದ ಬರ್ತಾರೆ ಅಂತ ನೆನಪಿಟ್ಕೊಂಡೇ ಆಡ್ಬೇಕು, ಅದಕ್ಕೇ 'ಇದು ಶೂಟರ್ ಅಲ್ಲ ಕಣ್ರೋ, ಬಾಯಿಪಾಠ' ಅಂತ ಬೈಯೋರು ಇದಾರೆ, ಅದೂ ನಿಜಾನೇ.

ನನ್ ಕೇಳಿದ್ರೆ ಆರ್-ಟೈಪ್‌ನ ಹೊಸ ಆವೃತ್ತಿ ಆರ್-ಟೈಪ್ ಡೈಮೆನ್ಷನ್ಸ್ ಇಎಕ್ಸ್ ತಗೊಳ್ಳಿ. ಹಳೇ ಗ್ರಾಫಿಕ್ಸ್, ಹೊಸಾ 3ಡಿ ಎರಡೂ ಆಟದ ಮಧ್ಯೆನೇ ಬದಲಾಯಿಸ್ಬೋದು, ಇನ್ಫಿನಿಟ್ ಮೋಡ್‌ನಲ್ಲಿ ಸತ್ತಲ್ಲೇ ಮತ್ತೆ ಎದ್ದು ಬರ್ತೀರ. ರಿಫ್ಲೆಕ್ಸ್ ಮೇಲೆ ನಂಬಿಕೆ ಇದ್ರೆ ಮಾತ್ರ ಗ್ರೇಡಿಯಸ್ ಮೊದ್ಲು.