ಕಪ್ಪು ಕರಡಿಯ ಬೇಟೆಗೆ ರಿವಾಲ್ವರ್ ತೋಟಾ: .357 ಮ್ಯಾಗ್ನಮ್ಮೋ, .44 ಮ್ಯಾಗ್ನಮ್ಮೋ?

ಅಮೆರಿಕದಲ್ಲಿ ಪರವಾನಗಿ ಪಡೆದು ಕಪ್ಪು ಕರಡಿಯನ್ನು ರಿವಾಲ್ವರಿನಿಂದ ಬೇಟೆಯಾಡುವವರು ಹೆಚ್ಚಾಗಿ ತೂಗಿ ನೋಡುವುದು 1935ರಲ್ಲಿ ಬಂದ .357 ಮ್ಯಾಗ್ನಮ್ ಮತ್ತು 1955ರ .44 ಮ್ಯಾಗ್ನಮ್ ತೋಟಾಗಳನ್ನು (ಅಂಕಿ ಗುಂಡಿನ ವ್ಯಾಸವನ್ನು ಸುಮಾರಾಗಿ ಇಂಚಿನಲ್ಲಿ ಹೇಳುತ್ತದೆ; ಮ್ಯಾಗ್ನಮ್ ಎಂದರೆ ಹೆಚ್ಚು ಶಕ್ತಿಯ ತೋಟಾ). (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಂತೆ ಕರಡಿ ಬೇಟೆ ನಿಷಿದ್ಧ.) ಮೊದಲನೆಯದರ ಗುಂಡು ಸಾಮಾನ್ಯವಾಗಿ 158 ಗ್ರೇನ್, ಅಂದರೆ ಸುಮಾರು 10 ಗ್ರಾಂ, ಎರಡನೆಯದರದು 240 ಗ್ರೇನ್, ಸುಮಾರು 15.5 ಗ್ರಾಂ. .357ರ ಒದೆತ ಕಡಿಮೆ, ಗುರಿ ಹಿಡಿಯುವುದು ಸುಲಭ. ಆದರೂ ನನ್ನ ಆಯ್ಕೆ .44; ಅದರ ಭಾರವಾದ ಗುಂಡು ದೇಹವನ್ನು ತೂರಿ ಹೊರಬೀಳುವ ಸಾಧ್ಯತೆ ಹೆಚ್ಚು. ಇದು ಮುಖ್ಯ, ಏಕೆಂದರೆ ಕರಡಿಯ ಕೊಬ್ಬು ಗಾಯದ ಬಾಯಿಯನ್ನು ಮುಚ್ಚಿ, ದಟ್ಟ ಕೂದಲು ರಕ್ತವನ್ನು ಹೀರಿಕೊಳ್ಳುವುದರಿಂದ, ಗುಂಡು ಆಚೆ ಬದಿಯಿಂದ ಹೊರಬೀಳದಿದ್ದರೆ ತರಗೆಲೆಯ ಮೇಲೆ ಒಂದು ಹನಿಯೂ ಕಾಣದೆ, ಗಾಯಗೊಂಡ ಪ್ರಾಣಿ ಪೊದೆಯೊಳಗೆ ನರಳುತ್ತ ಉಳಿಯಬಹುದು.

ಗುಂಡಿನ ಬಗೆಯೂ ಅಷ್ಟೇ ಮುಖ್ಯ. ತುದಿ ಟೊಳ್ಳಾದ ಗುಂಡು ಬೇಗ ಅರಳಿ ಅಗಲವಾದ ಗಾಯ ಮಾಡುತ್ತದೆ, ಆದರೆ ಭುಜದ ಮೂಳೆಗೆ ತಗುಲಿದರೆ ಆಳಕ್ಕೆ ಇಳಿಯದೆ ಹೋಗಬಹುದು. ಗಟ್ಟಿ ಸೀಸದ ಮಿಶ್ರಲೋಹದ ಚಪ್ಪಟೆ ಮೂತಿಯ ಗುಂಡು ಅರಳುವುದಿಲ್ಲ, ನೇರವಾಗಿ ಆಳಕ್ಕೆ ಕೊರೆಯುತ್ತದೆ. ಶ್ವಾಸಕೋಶಕ್ಕೆ ಪಕ್ಕದಿಂದ ಈಡು ಸಿಗುವುದಾದರೆ, ಎರಡರ ನಡುವಿನ ಮೃದು ತುದಿಯ 240 ಗ್ರೇನ್ ಗುಂಡೇ ಲೇಸು. ಒದೆತಕ್ಕೆ ಅಂಜುವವರು ಅದೇ ರಿವಾಲ್ವರಿನಲ್ಲಿ ಸೌಮ್ಯವಾದ .44 ಸ್ಪೆಷಲ್ ತೋಟಾ ಹಾಕಿ ಅಭ್ಯಾಸ ಆರಂಭಿಸಬಹುದು.